ಐವರ್ನಾಡಿನ ಅಡ್ಡಗಾಳಿ

ಹೆಲಿಕಾಪ್ಟರ್ ಇಳಿಯುವ ಗದ್ದೆಗೆ ಬೆಳಕು ಹರಿಯುವ ಮೊದಲೇ ನೀರು ಚಿಮುಕಿಸಿ ಧೂಳು ಕೂರಿಸುವುದು, ಗಾಳಿಯ ವೇಗ ಅಳೆಯುವುದು, ಮೇಲಿರುವ ಪೈಲಟ್‌ಗೆ ಬಾವುಟ ತೋರಿಸುವುದು. ಆ ಮೇ ತಿಂಗಳಲ್ಲಿ ನನಗೆ ವಹಿಸಿದ್ದ ಕೆಲಸ ಇಷ್ಟೆ. ಅಡಿಕೆಯ ಕೊಳೆರೋಗಕ್ಕೆ ಮರ ಹತ್ತದೆ ಆಕಾಶದಿಂದಲೇ ಮದ್ದು ಬಿಡಬಹುದೇ ಎಂದು ನೋಡುವ ಪ್ರಯೋಗ ಅದು. ಅರವತ್ತರ ದಶಕದ ನಡುಭಾಗ. ನಾನು ಆಗ ಬೆಂಗಳೂರಿನ ಒಂದು ಪ್ರಯೋಗಾಲಯದ ಗಾಳಿಸುರಂಗದಲ್ಲಿ ಸಹಾಯಕನಾಗಿದ್ದೆ. ಸುರಂಗವೆಂದರೆ ಮನುಷ್ಯ ನಿಲ್ಲುವಷ್ಟು ದೊಡ್ಡ ಮರದ ಕೊಳವೆ. ಒಂದು ತುದಿಯಲ್ಲಿ ಭಾರಿ ಪಂಖ, ನಡುವೆ ಗಾಜಿನ ಕಿಟಕಿ. ವಿಮಾನದ ಪುಟ್ಟ ಮಾದರಿಗಳನ್ನು ಒಳಗಿಟ್ಟು ಗಾಳಿ ಬಿಟ್ಟು ನೋಡುತ್ತಿದ್ದೆವು. ಅಡಿಕೆಗೂ ಅದಕ್ಕೂ ಸಂಬಂಧವಿರಲಿಲ್ಲ. ನನ್ನ ಮನೆ ಪುತ್ತೂರಿನ ದರ್ಬೆಯಲ್ಲಿ, ತುಳು ಬರುತ್ತದೆ, ಸುಳ್ಯದ ಕಡೆಯ ಅರೆಭಾಷೆ ಅರ್ಥವಾಗುತ್ತದೆ ಎಂಬ ಕಾರಣಕ್ಕೆ ನನ್ನನ್ನು ಎರವಲು ಪಡೆದುಕೊಂಡರು.

ಹೆಲಿಕಾಪ್ಟರ್ ಚಿಕ್ಕದು. ಮುಂದುಗಡೆ ಗಾಜಿನ ಗುಳ್ಳೆ, ಒಳಗೆ ಇಬ್ಬರಿಗೆ ಜಾಗ, ಎರಡು ಬದಿಗೆ ಮದ್ದಿನ ಟಾಂಕಿ, ಕೆಳಗೆ ಅಡ್ಡಕ್ಕೆ ತೂತುಗಳಿರುವ ಉದ್ದನೆಯ ಕೊಳವೆ. ಚಕ್ರದ ಬದಲು ಜಾರುಗಾಲುಗಳು. ಪೈಲಟ್ ಕೊಡಗಿನವರು, ವಾಯುಪಡೆಯಿಂದ ನಿವೃತ್ತರಾಗಿ ಬಂದವರು. ಮಾತು ಕಡಿಮೆ. ಹಾರುವ ಮೊದಲು ಪ್ರತಿಸಲ ಯಂತ್ರದ ಸುತ್ತ ಒಂದು ಸುತ್ತು ಬಂದು, ತಿರುಪುಗಳನ್ನು ಬೆರಳಲ್ಲಿ ಮುಟ್ಟಿ ನೋಡಿ ಹತ್ತುತ್ತಿದ್ದರು. ಅವರು ಒಳ್ಳೆಯ ಕನ್ನಡ ಮಾತಾಡುತ್ತಿದ್ದುದರಿಂದ ನಮ್ಮಿಬ್ಬರ ನಡುವೆ ಬೇಗ ಬಳಕೆಯಾಯಿತು.

ಕಡಬದ ಕಡೆ ಮೊದಲ ತೋಟಗಳು ಸುಸೂತ್ರವಾಗಿ ಮುಗಿದವು. ಅಲ್ಲಿ ಬೈಲು ಅಗಲ, ಗುಡ್ಡ ದೂರ. ಗೊನೆಗಳ ಪಕ್ಕ ನಾವು ಕಟ್ಟಿಸಿದ್ದ ನುಣುಪು ಕಾಗದದ ಚೂರುಗಳ ಮೇಲೆ ತಾಮ್ರದ ಮದ್ದು ಸಾಸಿವೆ ಚೆಲ್ಲಿದ ಹಾಗೆ ಸಮನಾಗಿ ಬಿದ್ದಿತ್ತು. ಪ್ರಯೋಗದ ಹೊಣೆ ಹೊತ್ತಿದ್ದ ಮೇಲಧಿಕಾರಿಗಳು ಮೈಸೂರು ಕಡೆಯವರು. ಆ ಕಾಗದಗಳನ್ನು ಬಿಸಿಲಿಗೆ ಹಿಡಿದು ನೋಡಿ ಅವರಿಗೆ ತುಂಬ ಸಂತೋಷವಾಯಿತು. ಮಳೆ ಹಿಡಿಯುವುದರೊಳಗೆ ಸುಳ್ಯದ ಕಡೆಯ ತೋಟಗಳನ್ನೂ ಮುಗಿಸಿಬಿಡಬೇಕೆಂದು ಅವರ ಆಸೆ. ಮಳೆ ಹಿಡಿದ ಮೇಲೆ ಬಿಟ್ಟ ಮದ್ದು ಗೊನೆಯಲ್ಲಿ ನಿಲ್ಲುವುದಿಲ್ಲ, ಹೆಲಿಕಾಪ್ಟರೂ ಹಾರುವಂತಿಲ್ಲ.

ಹೀಗೆ ನಾವು ಐವರ್ನಾಡಿಗೆ ಬಂದೆವು.

ಅಲ್ಲಿನ ತೋಟ ಒಬ್ಬ ಹೆಂಗಸಿನದು. ಐವತ್ತರ ಆಸುಪಾಸು, ಗಂಡ ತೀರಿಕೊಂಡು ಕೆಲವು ವರ್ಷವಾಗಿತ್ತು, ಕೃಷಿಯನ್ನೆಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ಮನೆಯವರೊಡನೆ ಅರೆಭಾಷೆ, ನಮ್ಮೊಡನೆ ಕನ್ನಡ. ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ತೋಟ ಎರಡು ಗುಡ್ಡಗಳ ನಡುವೆ ಉದ್ದಕ್ಕೆ ಮಲಗಿತ್ತು. ಮೇಲಿನ ಭಾಗ ಸ್ವಲ್ಪ ಅಗಲ. ಕೆಳಗೆ ಹೋದಂತೆ ಗುಡ್ಡಗಳು ಹತ್ತಿರ ಬಂದು, ಸಣ್ಣಗೆ ನೀರು ಹರಿಯುವ ತೋಡಿನ ಬಳಿ ಒಂದು ಇಕ್ಕಟ್ಟಾದ ತಗ್ಗು. ಅದನ್ನು ಅವರು ಹೊಂಡ ಎನ್ನುತ್ತಿದ್ದರು. ಹೊಂಡಕ್ಕೆ ಬಿಸಿಲು ಬೀಳುವುದು ಸ್ವಲ್ಪ ಹೊತ್ತು ಮಾತ್ರ. ಹಾಗಾಗಿ ಅಲ್ಲಿನ ಮರಗಳು ಬೆಳಕಿಗಾಗಿ ಎಳೆದುಕೊಂಡು ಬೇರೆ ಕಡೆಗಿಂತ ತೀರ ಎತ್ತರವಾಗಿ, ಸಪೂರವಾಗಿ ಬೆಳೆದಿದ್ದವು.

ಹಿಂದಿನ ವರ್ಷ ಮದ್ದು ಬಿಡುವಾಗ ಆ ಹೊಂಡದಲ್ಲಿಯೇ ಅವರ ಆಳು ಬಿದ್ದಿದ್ದ. ಅಡಿಕೆಗೆ ಮದ್ದು ಬಿಡುವವರು ಒಂದೊಂದು ಮರಕ್ಕೂ ಕೆಳಗಿನಿಂದ ಹತ್ತುವುದಿಲ್ಲ; ಒಂದು ಮರದ ತುದಿಯಿಂದ ಪಕ್ಕದ ಮರವನ್ನು ಎಳೆದು ಹಿಡಿದು ದಾಟುತ್ತಾರೆ. ದಾಟುವಾಗ ಮರ ಮುರಿಯಿತು. ಜೀವ ಉಳಿಯಿತು, ಸೊಂಟ ಹೋಯಿತು. ಅವನನ್ನು ಅಕ್ಕ ತಮ್ಮ ಮನೆಯ ಚಾವಡಿಯ ಬದಿಯ ಕೋಣೆಯಲ್ಲೇ ಮಲಗಿಸಿ ನೋಡಿಕೊಳ್ಳುತ್ತಿದ್ದರು. ಹೆಲಿಕಾಪ್ಟರ್ ಊರಿಗೆ ಬಂದಾಗ ಅವನು ಕಿಟಕಿಯಿಂದ ಅದರ ಸದ್ದು ಕೇಳಿಸಿಕೊಳ್ಳುತ್ತಿದ್ದ.

ಅಕ್ಕ ನಮ್ಮನ್ನು ತೋಟದ ಉದ್ದಕ್ಕೂ ನಡೆಸಿಕೊಂಡು ಹೋಗಿ ಹೊಂಡದ ಅಂಚಿನಲ್ಲಿ ನಿಲ್ಲಿಸಿದರು. "ಮೇಲಿನದ್ದಕ್ಕೆ ಜನ ಸಿಗ್ತಾರೆ," ಎಂದರು. "ಇದಕ್ಕೆ ಯಾರನ್ನೂ ಹತ್ತು ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರುದಿಲ್ಲ. ಅದಕ್ಕೇ ನಿಮ್ಮನ್ನು ಕರೆಸಿದ್ದು."

ಪೈಲಟ್ ತಲೆ ಎತ್ತಿ ಮರಗಳ ತುದಿಯನ್ನೂ ಆಚೀಚೆಯ ಗುಡ್ಡವನ್ನೂ ಬಹಳ ಹೊತ್ತು ನೋಡಿದರು.

ಇಳಿಯಲು ಆರಿಸಿದ್ದು ತೋಟದ ತಲೆಯ ಬಳಿಯ ಒಂದು ಕೊಯ್ಲಾದ ಗದ್ದೆ. ರಸ್ತೆಗೆ ಹತ್ತಿರ, ಲಾರಿ ಬರುತ್ತದೆ, ಮದ್ದಿನ ಡ್ರಮ್ಮುಗಳನ್ನು ನೇರ ಇಳಿಸಬಹುದು. ಆರಿಸಿದವನು ನಾನೇ. ಹೆಲಿಕಾಪ್ಟರ್ ಒಂದು ಸಲಕ್ಕೆ ಹೊತ್ತೊಯ್ಯುವ ಮದ್ದು ಸ್ವಲ್ಪವೇ. ಒಂದೆರಡು ಸಾಲು ಮುಗಿಸಿ ಮತ್ತೆ ಇಳಿಯಬೇಕು, ಪಂಖ ತಿರುಗುತ್ತಿರುವಾಗಲೇ ಆಳುಗಳು ಬಗ್ಗಿ ಓಡಿ ಟಾಂಕಿ ತುಂಬಿಸಬೇಕು, ಮತ್ತೆ ಏರಬೇಕು. ಒಂದು ಬೆಳಗ್ಗೆ ಎಷ್ಟೋ ಸಲ ಇಳಿಯುವುದು, ಏರುವುದು.

ಮೊದಲ ಬೆಳಗ್ಗೆ ಮೇಲಿನ ತೋಟದಲ್ಲಿ ಕೆಲಸ ಶುರುವಾಯಿತು. ಗಾಳಿ ಇರಲಿಲ್ಲ. ಬಿಸಿಲೇರುತ್ತಿದ್ದಂತೆ ಪಶ್ಚಿಮದ ಗುಡ್ಡದ ಮೇಲಿಂದ ಗಾಳಿ ಇಳಿಯತೊಡಗಿತು. ಕೈಯಲ್ಲಿದ್ದ ಮಾಪಕದಲ್ಲಿ ನೋಡಿದೆ. ಹೆಚ್ಚೇನೂ ಅಲ್ಲ, ಕಡಬದಲ್ಲಿ ಇದಕ್ಕಿಂತ ಜೋರು ಗಾಳಿಯಲ್ಲೂ ಹಾರಿದ್ದೆವು. ನಾನು ಬಿಳಿ ಬಾವುಟ ತೋರಿಸಿದೆ, ಇಳಿಯಬಹುದು ಎಂದು.

ಹೆಲಿಕಾಪ್ಟರ್ ತೋಟದ ಕಡೆಯಿಂದ ಬಂದು ಗದ್ದೆಯ ಮೇಲೆ ನಿಂತಿತು. ಗಾಳಿ ಅದರ ಎಡ ಪಕ್ಕೆಗೆ ಬೀಸುತ್ತಿತ್ತು. ನೆಲದಿಂದ ಎರಡಾಳು ಎತ್ತರಕ್ಕೆ ಇಳಿದಾಗ ಗಾಳಿ ಬರುವ ಕಡೆಯ ಗದ್ದೆಯಂಚಿನಲ್ಲಿ ಒಣಹುಲ್ಲು, ಧೂಳು ಎಲ್ಲ ಚಾಪೆ ಸುತ್ತಿದ ಹಾಗೆ ಸುರುಳಿಯಾಗಿ ಎದ್ದಿತು. ಎದ್ದದ್ದು ಅಲ್ಲೇ ನಿಲ್ಲಲಿಲ್ಲ. ಒಳಗೆ ಬಂತು, ಹಿಂದೆ ಸರಿಯಿತು, ಒಡೆದು ಮಾಯವಾಯಿತು, ಕ್ಷಣದಲ್ಲಿ ಮತ್ತೆ ಎದ್ದಿತು. ಆಮೇಲೆ ಇಡೀ ಸುರುಳಿ ಯಂತ್ರದಡಿಗೆ ನುಗ್ಗಿತು. ಹೆಲಿಕಾಪ್ಟರ್ ಒಮ್ಮೆ ನಡುಗಿ, ಓರೆಯಾಗಿ ಜಾರಿ, ಡಬ್ಬನೆ ಕೂತಿತು. ಒಂದು ಜಾರುಗಾಲು ಬಗ್ಗಿತು. ಬಾಲದ ಕಡೆಯ ಪುಟ್ಟ ಪಂಖ ಡ್ರಮ್ಮುಗಳಿಂದ ಒಂದು ಮಾರು ದೂರದಲ್ಲಿ ತಿರುಗುತ್ತಿತ್ತು. ಮದ್ದಿನ ಕೊಳವೆ ಕಳಚಿ ಅಲ್ಲಿ ಬಗ್ಗಿ ನಿಂತಿದ್ದ ಒಬ್ಬ ಆಳಿನ ಮುಖಕ್ಕೆ ಎಣ್ಣೆ ಬೆರೆತ ತಾಮ್ರ ರಾಚಿತು.

ಅವನನ್ನು ಎಳೆದುಕೊಂಡು ಹೋಗಿ ತೋಡಿನ ನೀರಲ್ಲಿ ಕಣ್ಣು ತೊಳೆದೆವು, ಜೀಪಿನಲ್ಲಿ ಪುತ್ತೂರಿನ ಆಸ್ಪತ್ರೆಗೆ ಕಳಿಸಿದೆವು. ಕಣ್ಣು ಉಳಿಯಿತು ಎಂಬ ಸುದ್ದಿ ಸಂಜೆಗೆ ಬಂತು.

ಪೈಲಟ್ ಗದ್ದೆಯ ಅಂಚಿನ ಹುಣಿಯ ಮೇಲೆ ಕೂತು ಬೂಟಿನ ಧೂಳು ಕೊಡವಿಕೊಳ್ಳುತ್ತಿದ್ದರು. "ಗಾಳಿ ಕೆಳಗಿಂದ ಎತ್ತಿ ಹಿಡಿದುಕೊಂಡಿತ್ತು," ಎಂದರು. "ಹಿಡಿದುಕೊಂಡದ್ದು ಒಮ್ಮೆಲೆ ಬಿಟ್ಟುಬಿಟ್ಟಿತು. ನಾನು ಎಂತ ಮಾಡಿದ್ರೂ ಆಗ ಪ್ರಯೋಜನ ಇರ್ಲಿಲ್ಲ."

ಮೇಲಧಿಕಾರಿಗಳಿಗೆ ಇದು ಧೂಳಿನ ದೋಷವಾಗಿ ಕಂಡಿತು. ನೀರು ಇನ್ನೂ ಹೆಚ್ಚು ಹಾಕಿಸಬೇಕಿತ್ತು ಎಂದು ನನಗೆ ಹೇಳಿದರು. ಪೈಲಟ್ ಸ್ವಲ್ಪ ಅವಸರ ಮಾಡಿದ್ದಾರೆ ಎಂದು, ಅವರಿಲ್ಲದಾಗ, ಸೇರಿಸಿದರು. ಆದರೆ ಆ ಹುಲ್ಲಿನ ಸುರುಳಿಯನ್ನು ನಾನು ಹಿಂದೆ ನೋಡಿದ್ದೆ.

ನಮ್ಮ ಸುರಂಗದಲ್ಲಿ ಒಮ್ಮೆ ನೇರ ಮೇಲಕ್ಕೇರುವ ವಿಮಾನದ ಮಾದರಿಯೊಂದನ್ನು ಪರೀಕ್ಷಿಸಿದ್ದರು. ಒಂದು ಹಲಗೆಯನ್ನು ನೆಲವಾಗಿಟ್ಟು, ಮೇಲಿನಿಂದ ಒಂದು ಕೊಳವೆಯಲ್ಲಿ ಜೋರಾದ ಗಾಳಿಯ ಧಾರೆ ಬಿಟ್ಟು, ಅಡ್ಡಕ್ಕೆ ಸುರಂಗದ ಗಾಳಿ ಹರಿಸುವುದು. ಹಲಗೆಯ ಮೇಲೆ ನೂಲಿನ ತುಂಡುಗಳನ್ನು ಅಂಟಿಸುವ ಕೆಲಸ ನನ್ನದಾಗಿತ್ತು. ಧಾರೆ ಹಲಗೆಗೆ ಬಡಿದು ಸುತ್ತಲೂ ಹರಡುತ್ತದೆ. ಗಾಳಿ ಹೋಗುವ ದಿಕ್ಕಿಗೆ ಹರಡಿದ್ದು ಸುಮ್ಮನೆ ಹೋಗಿಬಿಡುತ್ತದೆ. ಎದುರು ದಿಕ್ಕಿಗೆ ಹರಡಿದ್ದು ಎದುರುಗಾಳಿಗೆ ಡಿಕ್ಕಿ ಹೊಡೆದು ಮೇಲೆದ್ದು ಸುರುಳಿ ಸುತ್ತುತ್ತದೆ. ಆ ಸುರುಳಿ ಒಂದು ಕಡೆ ನಿಲ್ಲುವುದಿಲ್ಲ ಎಂಬುದೇ ನಮ್ಮ ತಲೆನೋವಾಗಿತ್ತು. ನೂಲು ಅತ್ತ ಇತ್ತ ಹೊಯ್ದಾಡುತ್ತಲೇ ಇರುತ್ತಿತ್ತು, ಒಂದು ಅಳತೆಯೂ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಕೊನೆಗೆ ನಮ್ಮ ಹಿರಿಯರು ಬೇಸತ್ತು ಆ ಪರೀಕ್ಷೆಯನ್ನು ಬದಿಗಿಟ್ಟರು. ಹೆಲಿಕಾಪ್ಟರಿನ ಪಂಖದಿಂದ ಇಳಿಯುವುದೂ ಒಂದು ಧಾರೆಯೇ. ಗದ್ದೆ ಎಂದರೆ ಆ ಹಲಗೆ.

ಬಗ್ಗಿದ ಜಾರುಗಾಲಿಗೆ ಬದಲಿ ಬೆಂಗಳೂರಿನಿಂದ ಬಸ್ಸಿನಲ್ಲಿ ಬರಬೇಕಿತ್ತು. ಪುತ್ತೂರಿನ ಬಸ್ ನಿಲ್ದಾಣದಲ್ಲಿ ಕಾದು ಅದನ್ನು ಇಳಿಸಿಕೊಂಡು ಬರುವಾಗ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಆ ನೂಲುಗಳೇ. ಯಂತ್ರ ರಿಪೇರಿಯಾಗುತ್ತಿದ್ದಂತೆ ಪೈಲಟ್‌ಗೆ ಹೇಳಿದೆ, ತೋಟಕ್ಕೆ ಹೋಗುವ ಮೊದಲು ಗದ್ದೆಯ ಮೇಲೆ ಒಂದು ಸಲ ಸುಮ್ಮನೆ ನಿಂತು ತೋರಿಸಬೇಕು, ಗಾಳಿ ಇರುವಾಗಲೇ, ಆದರೆ ಮೊದಲಿಗಿಂತ ಎತ್ತರದಲ್ಲಿ. ಅವರು ಯಾಕೆ ಎಂದು ಕೇಳಿದರು. ಹೇಳಿದೆ. "ಬೀಳಿಸಿದ್ದು ಎಂತದು ಅಂತ ನನಗೂ ನೋಡ್ಬೇಕು," ಎಂದು ಒಪ್ಪಿದರು.

ಅಕ್ಕನ ಮನೆಯಿಂದ ಹಳೆಯ ಸೀರೆಗಳನ್ನು ತಂದು ಅಗಲವಾದ ಪಟ್ಟಿಗಳಾಗಿ ಹರಿದೆವು. ಗಾಳಿ ಬರುವ ದಿಕ್ಕಿನಿಂದ ಗದ್ದೆಯ ನಡುವಿನವರೆಗೆ ಸಾಲಾಗಿ ಬಿದಿರಿನ ಗೂಟ ಹುಗಿದು, ಮೊಣಕಾಲೆತ್ತರಕ್ಕೆ ಒಂದೊಂದು ಪಟ್ಟಿ ಕಟ್ಟಿದೆವು. ಗಾಳಿ ಬರುವ ತುದಿಯಲ್ಲಿ ತೆಂಗಿನ ಸಿಪ್ಪೆಗೆ ಹಸಿಸೊಪ್ಪು ಹಾಕಿ ಹೊಗೆ ಎಬ್ಬಿಸಿದೆವು. ನಾನು ಗುಡ್ಡದ ಮಗ್ಗುಲಲ್ಲಿ ಕೂತೆ.

ಹೆಲಿಕಾಪ್ಟರ್ ಬಂದು ಮೇಲೆ ನಿಂತಾಗ ಹತ್ತಿರದ ಪಟ್ಟಿಗಳು ಗಾಳಿಗೆ ಎದುರಾಗಿ ಚಾಚಿಕೊಂಡವು, ದೂರದವು ಗಾಳಿಯ ಜೊತೆಗೆ. ನಡುವಿನ ಎರಡು ಗೂಟಗಳ ಪಟ್ಟಿ ಮಾತ್ರ ಹುಚ್ಚು ಹಿಡಿದ ಹಾಗೆ ಗಿರಗಿರ ತಿರುಗಿತು. ಹೊಗೆ ಅಲ್ಲಿವರೆಗೆ ತೆವಳಿಕೊಂಡು ಬಂದು ಗೋಡೆಗೆ ತಾಗಿದಂತೆ ಎದ್ದು ಸುರುಳಿಯಾಯಿತು. ಪೈಲಟ್ ಒಂದಿಷ್ಟೇ ಕೆಳಗಿಳಿದರು. ಸುರುಳಿ ಹತ್ತಿರ ಸರಿಯಿತು. ಇನ್ನೂ ಸ್ವಲ್ಪ ಇಳಿದಾಗ ಗಾಳಿ ಒಮ್ಮೆ ಬಲವಾಗಿ ಬೀಸಿತು. ಹೊಗೆ ಪಂಖದ ಅಂಚನ್ನು ಹತ್ತಿ ಮೇಲಿನಿಂದ ಒಳಗೆ ಎಳೆಯಲ್ಪಟ್ಟು ಮತ್ತೆ ಕೆಳಗೆ ಬಂತು. ತಾನು ಕೆಳಗೆ ದೂಡಿದ ಗಾಳಿಯನ್ನೇ ಪಂಖ ಮತ್ತೆ ಕುಡಿಯುತ್ತಿತ್ತು. ಯಂತ್ರ ತಟ್ಟನೆ ಕುಸಿಯಿತು. ನಾನು ಕೆಂಪು ಬಾವುಟ ಎತ್ತುವುದರೊಳಗೆ ಅವರು ಮುಂದಕ್ಕೆ ನುಗ್ಗಿ ಮೇಲೇರಿಬಿಟ್ಟಿದ್ದರು.

ಗಾಳಿ ತಗ್ಗಿ ಅವರು ಇಳಿದ ಮೇಲೆ ಇಬ್ಬರೂ ಗೂಟಗಳ ನಡುವೆ ನಡೆದಾಡಿ ಮಾತಾಡಿಕೊಂಡೆವು. ಸುರುಳಿ ತೀರ ಕಡಿಮೆ ಗಾಳಿಯಲ್ಲಿ ದೂರದಲ್ಲೇ ಇರುತ್ತದೆ, ತೀರ ಜೋರಾದರೆ ಹಿಂದಕ್ಕೆ ಕೊಚ್ಚಿಹೋಗುತ್ತದೆ. ನಡುವಿನ ಗಾಳಿಯೇ ಅಪಾಯ, ಅದರಲ್ಲೂ ಪಕ್ಕೆಗೆ ಬೀಸುವಾಗ. ಗಾಳಿಗೆ ಮೂಗು ಕೊಟ್ಟು, ನಿಲ್ಲದೆ, ಮುಂದೆ ಸಾಗುತ್ತಲೇ ಇಳಿದರೆ ಸುರುಳಿಯನ್ನು ದಾಟಿ ಹೋಗಬಹುದು. ಆದರೆ ಈ ಗದ್ದೆಯಲ್ಲಿ ಗಾಳಿಗೆ ಎದುರಾಗಿ ಬರಲು ಗುಡ್ಡ ಅಡ್ಡ. ಅಂದರೆ ಜಾಗವೇ ತಪ್ಪು.

ಪೂರ್ವದ ಗುಡ್ಡದ ನೆತ್ತಿ ಬೋಳು, ಮುರಕಲ್ಲಿನ ಹಾಸು. ಧೂಳಿಲ್ಲ, ಗಾಳಿ ಒಂದೇ ದಿಕ್ಕಿನಿಂದ ಬರುತ್ತದೆ, ಯಾವ ಕಡೆಗೂ ಮೂಗು ತಿರುಗಿಸಬಹುದು. ಆದರೆ ರಸ್ತೆ ಇಲ್ಲ. ಮದ್ದು, ಪೆಟ್ರೋಲು ಎಲ್ಲ ತಲೆಹೊರೆಯಲ್ಲಿ ಹೋಗಬೇಕು. ಮೇಲಧಿಕಾರಿಗಳು ಇದನ್ನು ಸುಲಭಕ್ಕೆ ಒಪ್ಪಲಿಲ್ಲ. ಕರಾವಳಿಯಲ್ಲಿ ಮೋಡ ಕಟ್ಟಿದೆ, ಒಂದು ದಿನ ಸಾಗಾಟಕ್ಕೇ ಹೋದರೆ ಪ್ರಯೋಗ ಅರ್ಧಕ್ಕೇ ನಿಲ್ಲುತ್ತದೆ ಎಂದರು. ಅವರ ಮಾತೂ ಸುಳ್ಳಲ್ಲ. ಪೈಲಟ್ ಮಾತ್ರ, ಗದ್ದೆಗೆ ತಾನಿನ್ನು ಇಳಿಯುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ಅಕ್ಕ ಊರೊಳಗೆ ಹೋಗಿ ಜನ ಕರೆದುಕೊಂಡು ಬಂದರು. ಹಿಂದಿನ ವರ್ಷ ಮರದಿಂದ ಬಿದ್ದವನ ಅಣ್ಣ ಎಲ್ಲರಿಗಿಂತ ಮುಂದೆ, ತಲೆಯ ಮೇಲೆ ಡಬ್ಬ ಇಟ್ಟುಕೊಂಡು ಗುಡ್ಡ ಹತ್ತಿದ. ಅವನೂ ಮರ ಹತ್ತುವವನೇ. ಸಂಜೆಯೊಳಗೆ ಎಲ್ಲವೂ ನೆತ್ತಿಯಲ್ಲಿತ್ತು.

ಮಾರನೆಯ ಬೆಳಗ್ಗೆ ಮೇಲಿನ ತೋಟ ಮುಗಿಯಿತು. ನೆತ್ತಿಯಲ್ಲಿ ಇಳಿಯುವುದು ಏರುವುದು ಒಂದೂ ತೊಂದರೆಯಿಲ್ಲದೆ ನಡೆಯಿತು. ಉಳಿದದ್ದು ಹೊಂಡ.

ಹೊಂಡದಲ್ಲಿ ಗದ್ದೆಯ ಕಷ್ಟ ಇನ್ನೂ ಹೆಚ್ಚು. ಮದ್ದು ಸೋಗೆಗಳ ಎಡೆಯಿಂದ ಗೊನೆಗೆ ಇಳಿಯಬೇಕಾದರೆ ಹೆಲಿಕಾಪ್ಟರ್ ಮರದ ತುದಿಗೆ ತಾಗುವಷ್ಟು ತಗ್ಗಿ, ನಿಧಾನ ಸಾಗಬೇಕು. ಹಾಗೆ ಸಾಗುವಾಗ ಗಾಳಿ ಪಕ್ಕದ ಗುಡ್ಡದಿಂದ ಇಳಿದರೆ ಸುರುಳಿಗೆ ಹೊರಗೆ ಹೋಗಲು ದಾರಿಯೇ ಇಲ್ಲ, ಎರಡು ಗುಡ್ಡಗಳ ನಡುವೆ ಸಿಕ್ಕಿಬೀಳುತ್ತದೆ. ಯಂತ್ರ ಕುಸಿದರೆ ಕೆಳಗೆ ಗದ್ದೆಯಲ್ಲ, ಈಟಿಗಳ ಹಾಗೆ ನಿಂತ ಮರಗಳು. ಮರ ಹತ್ತಲು ಎಲ್ಲಕ್ಕಿಂತ ಕಷ್ಟವಾದ ಜಾಗ ಹಾರಲಿಕ್ಕೂ ಎಲ್ಲಕ್ಕಿಂತ ಕಷ್ಟವಾಗಿತ್ತು.

ಬಿಟ್ಟುಬಿಡೋಣ ಎಂದು ನಾನು ಹೇಳಿದ್ದೆ. ಪೈಲಟ್ ಬೇಡವೆಂದರು. ಬೆಳಗಿನ ಜಾವ ಗಾಳಿ ಸತ್ತಿರುತ್ತದೆ. ಆ ಹೊತ್ತಿನಲ್ಲಿ ಎಷ್ಟಾಗುತ್ತದೋ ಅಷ್ಟು ಮಾಡೋಣ, ಆದರೆ ಗಾಳಿ ಎದ್ದದ್ದು ತಮಗೆ ತಿಳಿಯುವ ಮೊದಲು ನನಗೆ ತಿಳಿಯಬೇಕು ಎಂದರು. ಅದಕ್ಕೆ ವ್ಯವಸ್ಥೆ ಮಾಡಿದೆವು. ಪಶ್ಚಿಮದ ಗುಡ್ಡದ ಮೇಲೆ ಎತ್ತರದ ಬಿದಿರಿಗೆ ಉದ್ದನೆಯ ಬಿಳಿ ಬಟ್ಟೆ ಕಟ್ಟಿದೆವು. ಗಾಳಿ ಹೊಂಡಕ್ಕೆ ಇಳಿಯುವ ಮೊದಲು ಅದನ್ನು ದಾಟಿಯೇ ಬರಬೇಕು. ಕೆಳಗೆ ತೋಡಿನ ಬದಿಯಲ್ಲಿ ಹೊಗೆ. ನಾನು ಎರಡೂ ಕಾಣುವ ಒಂದು ಬಂಡೆಯ ಮೇಲೆ, ಕೈಯಲ್ಲಿ ಕೆಂಪು ಬಾವುಟ. ಅದನ್ನು ಎತ್ತಿದರೆ ಪೈಲಟ್ ಏನೂ ಯೋಚಿಸದೆ, ಮದ್ದು ನಿಲ್ಲಿಸಿ, ಕಣಿವೆಯ ಬಾಯಿಯ ಕಡೆಗೆ ಮೇಲೇರಬೇಕು. ಯಾಕೆ ಎತ್ತಿದೆ ಎಂದು ಆಮೇಲೆ ಕೇಳಬಹುದು.

ಮರುದಿನ ಬೆಳಕು ಮೂಡುತ್ತಿದ್ದಂತೆ ಹಾರಿದರು. ಹೊಗೆ ನೂಲಿನ ಹಾಗೆ ನೇರ ಮೇಲೆ ಹೋಗುತ್ತಿತ್ತು. ಮೊದಲ ಸಾಲು, ಎರಡನೆಯದು. ಹೆಲಿಕಾಪ್ಟರ್ ನನ್ನ ಕಣ್ಣಿನ ಮಟ್ಟದಲ್ಲೇ ದಾಟಿ ಹೋಗುತ್ತಿತ್ತು. ಗಾಜಿನೊಳಗೆ ಪೈಲಟ್ ಕತ್ತು ಮುಂದೆ ಚಾಚಿ ಕೂತದ್ದು ಕಾಣುತ್ತಿತ್ತು. ಅದರ ಹಿಂದೆ ಸೋಗೆಗಳು ಅಲೆ ಎದ್ದಂತೆ ತಲೆಕೆಳಗಾಗಿ ಮತ್ತೆ ನಿಲ್ಲುತ್ತಿದ್ದವು. ಮದ್ದು ಒಳಗೆ ಇಳಿಯುತ್ತಿತ್ತು. ಮೇಲಧಿಕಾರಿಗಳು ನನ್ನ ಪಕ್ಕ ಬಂದು ನಿಂತರು. ಅಕ್ಕ ಸ್ವಲ್ಪ ಕೆಳಗೆ, ಸೆರಗನ್ನು ಬಾಯಿಗೆ ಹಿಡಿದುಕೊಂಡು ನಿಂತಿದ್ದರು.

ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಪೈಲಟ್ ಮದ್ದು ತುಂಬಿಸಿಕೊಂಡು ಮತ್ತೆ ಹೊಂಡದೊಳಗೆ ಇಳಿದರು. ತೋಡಿಗೆ ತಾಗಿದ ಕೊನೆಯ ತುಂಡು ಬಾಕಿ. ಆಗ ಗುಡ್ಡದ ಮೇಲಿನ ಬಟ್ಟೆ ಒಮ್ಮೆ ಅಲುಗಿತು. ಮತ್ತೆ ಜೋತುಬಿತ್ತು. ನಾನು ಹೊಗೆ ನೋಡಿದೆ. ನೇರವಾಗಿತ್ತು. ಬಟ್ಟೆ ಮತ್ತೊಮ್ಮೆ ಎದ್ದು ಅಡ್ಡಕ್ಕೆ ಚಾಚಿಕೊಂಡಿತು. ಈ ಸಲ ಬೀಳಲಿಲ್ಲ.

ಬಾವುಟ ಎತ್ತಿದೆ.

"ಏನ್ರೀ ಮಾಡ್ತಿದ್ದೀರಿ?" ಎಂದರು ಮೇಲಧಿಕಾರಿಗಳು. "ಹೊಗೆ ಅಲ್ಲಾಡ್ತಾನೇ ಇಲ್ಲ. ಇನ್ನೆರಡು ಸಾಲು. ಇಳಿಸಿ ಅದನ್ನ."

ಪೈಲಟ್ ಇನ್ನೂ ನನ್ನ ಕಡೆ ನೋಡಿರಲಿಲ್ಲ. ಸಾಲಿನ ಕೊನೆಗೆ ಬಂದಾಗ ಮಾತ್ರ ಬಂಡೆಯತ್ತ ತಿರುಗುವುದು ಅವರ ಅಭ್ಯಾಸ. ಬಾವುಟ ಇಳಿಸಿದ್ದರೆ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ನನ್ನ ಲೆಕ್ಕ ತಪ್ಪಾಗಿದ್ದರೆ, ಹೊಂಡದ ಉಳಿದ ಮರಗಳಿಗೆ ಮನುಷ್ಯರು ಹತ್ತಬೇಕಾಗುತ್ತದೆ ಎಂಬುದು ನನಗೆ ಆ ಕ್ಷಣದಲ್ಲಿ ಚೆನ್ನಾಗಿ ಗೊತ್ತಿತ್ತು. ಅಕ್ಕ ಹಿಂದೆ ತಿರುಗಿ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಇಳಿಸಲಿಲ್ಲ. ಮೇಲಧಿಕಾರಿಗಳು ಬಾವುಟದ ಕೋಲಿಗೆ ಕೈ ಹಾಕಿದರು. ನಾನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಪೈಲಟ್ ನೋಡಿದರು. ಮದ್ದು ನಿಂತಿತು. ಮೂಗು ಬಗ್ಗಿಸಿ ವೇಗ ಹಿಡಿದು ಕಣಿವೆಯ ಬಾಯಿಯತ್ತ ಏರತೊಡಗಿದರು. ಅವರು ಮರಗಳನ್ನು ದಾಟುತ್ತಿರುವಾಗ ತೋಡಿನ ಬದಿಯ ಹೊಗೆ ಬುಡದಲ್ಲಿ ಮುರಿದು ನೆಲಕ್ಕೆ ಮಲಗಿತು. ಇಡೀ ಹೊಂಡದ ಸೋಗೆಗಳು ಒಂದೇ ಕಡೆಗೆ ಬಾಗಿದವು. ಹೆಲಿಕಾಪ್ಟರ್ ಒಮ್ಮೆ ಕುಸಿದು, ಓಲಾಡಿ, ಮತ್ತೆ ಎದ್ದು ಬಯಲಿಗೆ ಹೊರಟುಹೋಯಿತು. ಅಷ್ಟು ಎತ್ತರದಲ್ಲಿದ್ದುದರಿಂದ ಕುಸಿಯಲು ಜಾಗವಿತ್ತು.

ಮೇಲಧಿಕಾರಿಗಳು ಕೋಲಿನಿಂದ ಕೈ ತೆಗೆದು ಬಂಡೆಯ ಮೇಲೆ ಕೂತರು. ಸ್ವಲ್ಪ ಹೊತ್ತಾದ ಮೇಲೆ ನೀರು ಕೇಳಿದರು.

ಗಾಳಿ ಆ ದಿನ ತಗ್ಗಲೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಪಶ್ಚಿಮದಲ್ಲಿ ಆಕಾಶ ಕಪ್ಪಾಗಿತ್ತು. ಮರುದಿನ ಬೆಳಗ್ಗೆ ಹೊಂಡದಲ್ಲಿ ಹಾರುವ ಮಾತಿಲ್ಲ ಎಂದು ಎಲ್ಲರಿಗೂ ತಿಳಿಯಿತು. ಕೊನೆಯ ತುಂಡಿನ ಮರಗಳು ಹಾಗೇ ಉಳಿದವು. ಕೊಳೆರೋಗ ಒಂದು ಮರದಲ್ಲಿ ಹಿಡಿದರೆ ತೋಟವಿಡೀ ಹರಡುತ್ತದೆ. ಅಷ್ಟು ಬಿಟ್ಟರೆ ಮಾಡಿದ್ದೂ ನೀರಲ್ಲಿ ಹೋಮ. ಆದರೂ ಹತ್ತು ಎಂದು ಅಕ್ಕ ಯಾರನ್ನೂ ಕೇಳಲಿಲ್ಲ.

ಬಿದ್ದವನ ಅಣ್ಣ ತಾನಾಗಿಯೇ ಬಂದ. ಮರ ಹತ್ತುವಾಗ ಕಾಲಿಗೆ ಹಾಕುವ ಹಗ್ಗದ ತಳೆ ಕೈಯಲ್ಲಿತ್ತು. ಇಷ್ಟೇ ಮರ ಅಲ್ಲವಾ, ಮಳೆ ಬರುವ ಮೊದಲು ಬಿಟ್ಟುಬಿಡುತ್ತೇನೆ ಎಂದು ಅಕ್ಕನಿಗೆ ಅರೆಭಾಷೆಯಲ್ಲಿ ಹೇಳಿದ. ಅಕ್ಕ ಬೇಡವೆಂದರು. ಅವನು ಕೇಳಲಿಲ್ಲ. ಕೊನೆಗೆ ಅವರು ಒಂದು ಷರತ್ತು ಹಾಕಿದರು, ಮರದಿಂದ ಮರಕ್ಕೆ ದಾಟಕೂಡದು, ಪ್ರತಿಯೊಂದಕ್ಕೂ ಬುಡದಿಂದಲೇ ಹತ್ತಿ ಇಳಿಯಬೇಕು. ಅದು ಎಷ್ಟು ಆಯಾಸದ ಕೆಲಸವೆಂದು ಗೊತ್ತಿದ್ದೂ ಅವನು ಒಪ್ಪಿದ.

ಸುಣ್ಣ, ಮೈಲುತುತ್ತು ಕಲಸಿ ಮದ್ದು ಮಾಡಿದರು. ಕೈಪಂಪಿನ ಹಿಡಿಕೆ ನಾನು ಹಿಡಿದೆ. ಪೈಲಟ್ ಕೂಡ ನನ್ನೊಡನೆ ಪಂಪು ಒತ್ತಲು ನಿಂತರು. ಅವನು ಮೊದಲ ಮರದ ತುದಿಗೆ ತಲಪಿದಾಗ ಗಾಳಿಗೆ ಮರ ಒಂದು ಕಡೆಗೆ ಬಾಗಿ ಅವನನ್ನು ತೋಡಿನ ಮೇಲೆ ಚಾಚಿ ಹಿಡಿದು, ಮತ್ತೆ ಈಚೆಗೆ ತಂದಿತು. ಅವನು ಒಂದು ಕೈಯಲ್ಲಿ ಮರ ತಬ್ಬಿ ಇನ್ನೊಂದರಲ್ಲಿ ಗೊನೆಗೆ ಮದ್ದು ಹಿಡಿಯುತ್ತಿದ್ದ. ಪೈಲಟ್ ಪಂಪಿನ ಹಿಡಿಕೆ ಬಿಟ್ಟು ತೋಡಿನ ಕಡೆಗೆ ಮುಖ ತಿರುಗಿಸಿ ಕೂತರು. "ನೀವು ಒತ್ತಿ," ಎಂದರು. "ನನ್ನಿಂದ ಅದನ್ನು ನೋಡ್ಲಿಕ್ಕೆ ಆಗುದಿಲ್ಲ."

ಅವನು ಮರ ಮರಕ್ಕೂ ಹತ್ತಿ ಇಳಿದ. ಪ್ರತಿ ಸಲ ಇಳಿದಾಗಲೂ ಅಕ್ಕ ಒಂದು ಚೆಂಬು ನೀರು ಕೊಟ್ಟು, ಸಾಕು ಎನ್ನುತ್ತಿದ್ದರು. ಅವನು ತಲೆ ಅಲ್ಲಾಡಿಸಿ ಮುಂದಿನ ಮರಕ್ಕೆ ಹೋಗುತ್ತಿದ್ದ. ನನ್ನ ಕಣ್ಣು ಗುಡ್ಡದ ಮೇಲಿನ ಬಟ್ಟೆಯ ಮೇಲೆಯೇ ಇತ್ತು. ಬಟ್ಟೆ ಬಿಗಿದು ಚಾಚಿದಾಗ ಕೂಗುತ್ತಿದ್ದೆ, ಅವನು ಮದ್ದು ನಿಲ್ಲಿಸಿ ಎರಡೂ ಕೈಯಲ್ಲಿ ಮರ ಅಪ್ಪಿಕೊಳ್ಳುತ್ತಿದ್ದ. ಕೊನೆಯ ಮರದಿಂದ ಇಳಿದಾಗ ಬುಡದಲ್ಲೇ ಕುಸಿದು ಕೂತ. ಮೈಕೈಯೆಲ್ಲ ನೀಲಿ. ಆಮೇಲೆ ಪೈಲಟ್ ಅವನ ಪಕ್ಕ ಹೋಗಿ ಕೂತು, ಮರ ಅಷ್ಟು ಬಾಗುವಾಗ ಹೆದರಿಕೆ ಆಗುವುದಿಲ್ಲವೇ ಎಂದು ಕೇಳಿದರು.

"ಬಾಗುವಾಗ ಎಂತ ಇಲ್ಲ," ಎಂದ ಅವನು. "ವಾಪಸ್ ಬರ್ತದಾ ಅಂತ ಕಾಯ್ಲಿಕ್ಕೆ ಉಂಟಲ್ಲ, ಅದು."

ಪೈಲಟ್ ಹೌದೆಂದು ತಲೆಯಾಡಿಸಿದರು.

ಮಳೆ ಮರುದಿನ ರಾತ್ರಿಯೇ ಹಿಡಿಯಿತು. ಅಷ್ಟರಲ್ಲಿ ಹೆಲಿಕಾಪ್ಟರ್ ಊರು ಬಿಟ್ಟಿತ್ತು. ನನ್ನನ್ನು ಗೊನೆಗಳ ಸ್ಥಿತಿ ನೋಡಿ ಬರಲು ಮಳೆಗಾಲದ ಕೊನೆಯಲ್ಲಿ ಮತ್ತೆ ಐವರ್ನಾಡಿಗೆ ಕಳಿಸಿದರು. ಅಕ್ಕ ತೋಟದುದ್ದಕ್ಕೂ ಕರೆದುಕೊಂಡು ಹೋದರು. ಅಲ್ಲೊಂದು ಇಲ್ಲೊಂದು ಕೊಳೆತು ಬಿದ್ದದ್ದು ಬಿಟ್ಟರೆ ಗೊನೆಗಳು ಗಟ್ಟಿಯಾಗಿ ನಿಂತಿದ್ದವು. ಹೊಂಡದಲ್ಲಿ ಇನ್ನೂ ಚೆನ್ನಾಗಿತ್ತು. ಯಂತ್ರ ಬಿಟ್ಟದ್ದು, ಮನುಷ್ಯ ಬಿಟ್ಟದ್ದು ಎಂದು ಬೇರೆ ಮಾಡಿ ಹೇಳುವಂತಿರಲಿಲ್ಲ.

ಬರುವ ವರ್ಷ ಯಾವಾಗ ಬರುತ್ತೀರಿ ಎಂದು ಅವರು ಕೇಳಿದರು. ನನಗೆ ಹೇಳಲೇಬೇಕಾಯಿತು. ಅಗಲವಾದ ಬೈಲುಗಳಿಗೆ ಮಾತ್ರ ಇದು ಸರಿ, ಇಕ್ಕಟ್ಟಾದ ಕಣಿವೆಗಳಲ್ಲಿ ಹಾರಿಸಕೂಡದು ಎಂದು ವರದಿ ಕೊಟ್ಟಾಗಿತ್ತು. ಅದನ್ನು ಬರೆದವರಲ್ಲಿ ನಾನೂ ಒಬ್ಬ. ಮೇಲಧಿಕಾರಿಗಳೂ ಅದಕ್ಕೆ ಎದುರು ಹೇಳದೆ ಸಹಿ ಹಾಕಿದ್ದರು.

ಅಕ್ಕ ತಲೆಯೆತ್ತಿ ನೋಡಿದರು. ಗೊನೆಗಳು ಭಾರಕ್ಕೆ ಬಾಗಿದ್ದವು. ಅಂಥ ಫಸಲು ಆ ಹೊಂಡದಲ್ಲಿ ಹಿಂದೆ ಬಂದಿರಲಿಲ್ಲವಂತೆ. ಒಂದು ಮರದ ಮೈಯನ್ನು ಅಂಗೈಯಲ್ಲಿ ಸವರಿ, "ಕೊಯ್ಲು ಮುಗಿದ ಮೇಲೆ ಇದನ್ನೆಲ್ಲ ಕಡಿಸ್ತೇನೆ," ಎಂದರು.

ಅವರು ಸುಮ್ಮನೆ ಹೇಳಿದ್ದೆಂದು ನಾನು ತಿಳಿದೆ. ಮುಂದಿನ ಬೇಸಗೆಯಲ್ಲಿ ಸುಳ್ಯಕ್ಕೆ ಬೇರೆ ಕೆಲಸಕ್ಕೆ ಹೋದಾಗ ಐವರ್ನಾಡಿನ ದಾರಿಯಲ್ಲಿ ಇಳಿದು ತೋಟದ ಕೆಳಗಿನವರೆಗೆ ನಡೆದೆ. ಹೊಂಡದಲ್ಲಿ ಒಂದು ಅಡಿಕೆ ಮರವೂ ಇರಲಿಲ್ಲ. ಬುಡಗಳನ್ನು ಕಿತ್ತು ನೆಲ ಸಮ ಮಾಡಿ, ಕೈಗೆಟಕುವ ಎತ್ತರದ ಬಾಳೆ ನೆಟ್ಟಿದ್ದರು.